ತುಮಕೂರಿನ ಒಂದು ಪುಸ್ತಕದಂಗಡಿ ಮತ್ತು ಅಲ್ಲಿನ ಸಾಧಕಿಯರ ಚಿತ್ರಪುಸ್ತಕಗಳು

ಬಿ.ಎಚ್. ರಸ್ತೆಯಿಂದ ಒಳಕ್ಕೆ ತಿರುಗುವ ಓಣಿಯೊಂದರಲ್ಲಿರುವ ಈ ಅಂಗಡಿಗೆ ನಾನು ಮೊದಲು ಹೋದದ್ದು ಎಲ್‌ಕೆಜಿ ಓದುತ್ತಿರುವ ಮಗಳಿಗೆ ಕಾಗುಣಿತದ ಪುಸ್ತಕ ಕೊಳ್ಳುವುದಕ್ಕೆ. ಮುಂಭಾಗವೆಲ್ಲ ಗೈಡು, ನೋಟ್‌ಬುಕ್ಕು ಮತ್ತು ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಿಂದ ತುಂಬಿದೆ. ಒಳಗಡೆ ಮಾತ್ರ, ಮಕ್ಕಳ ಕೈಗೆ ಎಟಕುವಷ್ಟು ತಗ್ಗಿನಲ್ಲಿ, ಇತಿಹಾಸದ ಮಹಿಳೆಯರನ್ನು ಕುರಿತ ಚಿತ್ರಪುಸ್ತಕಗಳಿಗೆಂದೇ ಎರಡು ಹಲಗೆಗಳನ್ನು ಮೀಸಲಿಟ್ಟಿದ್ದಾರೆ. ಆರು ತಿಂಗಳಲ್ಲಿ ಅಲ್ಲಿಂದ ಒಂಬತ್ತು ಪುಸ್ತಕ ತಂದು, ಒಂದೊಂದನ್ನೂ ಮಗಳೊಂದಿಗೆ ಹಲವು ಸಲ ಓದಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಒಂಬತ್ತರಲ್ಲಿ ಅತ್ಯುತ್ತಮವಾದದ್ದು ಸಾವಿತ್ರಿಬಾಯಿ ಫುಲೆಯವರ ಪುಸ್ತಕ. ಅವರು 1848ರಲ್ಲಿ ಪುಣೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಲಾರಂಭಿಸಿದರು ಎಂಬ ವಾಕ್ಯದಿಂದ ನಾಲ್ಕೂವರೆ ವರ್ಷದ ಮಗುವಿಗೆ ಏನೂ ತಿಳಿಯುವುದಿಲ್ಲ. ಆದರೆ ಶಾಲೆಗೆ ಹೊರಟವರ ಮೇಲೆ ಜನ ಸಗಣಿ, ಕೆಸರು ಎರಚುತ್ತಿದ್ದುದು, ಅದಕ್ಕಾಗಿ ಅವರು ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡು ಹೋಗಿ, ಶಾಲೆ ತಲುಪಿದ ಮೇಲೆ ಅದನ್ನುಟ್ಟು ಪಾಠಕ್ಕೆ ನಿಲ್ಲುತ್ತಿದ್ದುದು ಒಂದೇ ನೋಟಕ್ಕೆ ಅರ್ಥವಾಗುತ್ತದೆ. ಚಿತ್ರಕಾರರು ಎಡಪುಟದಲ್ಲಿ ಕೆಸರಾದ ಸೀರೆಯನ್ನೂ ಬಲಪುಟದಲ್ಲಿ ಒಗೆದು ಮಡಿಸಿದ ಸೀರೆಯನ್ನೂ ತೋರಿಸಿ, ಅಕ್ಷರಗಳನ್ನು ಎರಡೇ ಸಾಲಿಗೆ ನಿಲ್ಲಿಸಿದ್ದಾರೆ. “ಅಮ್ಮಾ, ಮಣ್ಣು ಎರಚಿದ್ದು ಯಾರು? ಯಾಕೆ?” ಎಂದು ಮಗಳು ಕೇಳಿದಳು. ಹೆಣ್ಣುಮಕ್ಕಳು ಓದಬಾರದೆಂದು ನಂಬಿದ್ದ ಕಾಲವೊಂದಿತ್ತು ಎಂಬುದನ್ನು ಅವಳಿಗೆ ಹೇಳಲು ಇಷ್ಟು ಸಹಜವಾದ ಅವಕಾಶ ನನಗೆ ಅಲ್ಲಿಯವರೆಗೆ ಸಿಕ್ಕಿರಲಿಲ್ಲ. ಕೊನೆಯ ಪುಟದಲ್ಲಿ ಸಾವಿತ್ರಿಬಾಯಿಯವರು ಪ್ಲೇಗ್ ತಗುಲಿದ ಹುಡುಗನನ್ನು ಹೊತ್ತು ನಡೆಯುತ್ತಿದ್ದಾರೆ. 1897ರಲ್ಲಿ ಅದೇ ರೋಗದಿಂದ ಅವರು ತೀರಿಕೊಂಡ ಸಂಗತಿಯನ್ನು ದೊಡ್ಡವರಿಗಾಗಿ ಹಿಂಬದಿಯ ರಕ್ಷಾಪುಟದಲ್ಲಿ ಸಣ್ಣ ಅಕ್ಷರಗಳಲ್ಲಿ ಕೊಟ್ಟಿದ್ದಾರೆ. ಎಷ್ಟನ್ನು ಮಗುವಿಗೆ ಹೇಳಬೇಕು, ಎಷ್ಟನ್ನು ಓದಿ ಹೇಳುವವರ ವಿವೇಚನೆಗೆ ಬಿಡಬೇಕು ಎಂಬುದನ್ನು ಬಲ್ಲವರು ಮಾಡಿದ ಪುಸ್ತಕವಿದು.

ಸಾಲುಮರದ ತಿಮ್ಮಕ್ಕನವರ ಪುಸ್ತಕವೂ ಇದೇ ದಾರಿ ಹಿಡಿದಿದೆ. ನಮ್ಮ ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ, ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ ಸೊಸೆಯಾಗಿ ಹೋದ ಅವರು ಪತಿ ಚಿಕ್ಕಯ್ಯನವರೊಂದಿಗೆ ಕುದೂರಿನ ರಸ್ತೆಯುದ್ದಕ್ಕೂ 385 ಆಲದ ಮರಗಳನ್ನು ಬೆಳೆಸಿದ ಕಥೆಯಲ್ಲಿ ಪ್ರತಿ ಪುಟದಲ್ಲೂ ನೀರಿನ ಬಿಂದಿಗೆ ಬರುತ್ತದೆ, ಪುಟ ತಿರುಗಿದಂತೆಲ್ಲ ಸಸಿ ಎತ್ತರವಾಗುತ್ತದೆ. 2019ರ ಪದ್ಮಶ್ರೀ ಪ್ರಶಸ್ತಿಗೆ ಒಂದೇ ಒಂದು ಸಾಲು. ಅಷ್ಟೇ ಸಾಕು.

ವೀರವನಿತೆಯರ ಪುಸ್ತಕಗಳು ನನಗೆ ತೃಪ್ತಿ ಕೊಡಲಿಲ್ಲ. ಕಿತ್ತೂರು ಚೆನ್ನಮ್ಮನವರ ಪುಸ್ತಕದಲ್ಲಿ ಕುದುರೆ, ಕತ್ತಿ, ರಕ್ತ ಎಲ್ಲವೂ ಇವೆ. ಆದರೆ ದತ್ತುಪುತ್ರನನ್ನು ಬ್ರಿಟಿಷರು ಒಪ್ಪದೇ ಹೋದದ್ದರಿಂದ 1824ರ ಯುದ್ಧ ಆಯಿತೆಂಬುದನ್ನು ಮಗುವಿಗೆ ತಿಳಿಯುವ ಮಾತಿನಲ್ಲಿ ಎಲ್ಲಿಯೂ ಹೇಳಿಲ್ಲ. ಒನಕೆ ಓಬವ್ವನ ಪುಸ್ತಕದಲ್ಲಿ ಚಿತ್ರದುರ್ಗದ ಕೋಟೆ ಕಾವಲುಗಾರನ ಹೆಂಡತಿಗೆ ರೇಷ್ಮೆ ಸೀರೆ ಉಡಿಸಿ, ಮೈತುಂಬ ಒಡವೆ ತೊಡಿಸಿದ್ದಾರೆ. ನೀರಿಗೆಂದು ಹೋದ ಸಾಮಾನ್ಯ ಹೆಂಗಸು ಮನೆಯ ಒನಕೆಯನ್ನೇ ಆಯುಧವಾಗಿ ಹಿಡಿದಳೆಂಬುದೇ ಆ ಕಥೆಯ ಜೀವ. ಈ ಅಲಂಕಾರದಲ್ಲಿ ಅದು ಕಾಣೆಯಾಗಿದೆ. ಎರಡರಲ್ಲಿಯೂ ಮುಖಗಳು ಒಂದೇ ಅಚ್ಚಿನವು, ಒಂದೇ ಬಿಳಿ ಬಣ್ಣದವು.

ಅನುವಾದಗಳ ಬಗ್ಗೆಯೂ ಎಚ್ಚರ ಅಗತ್ಯ. ಹವಾಮಾನ ವಿಜ್ಞಾನಿ ಅನ್ನಾ ಮಣಿಯವರು ಎಂಟನೆಯ ಹುಟ್ಟುಹಬ್ಬಕ್ಕೆ ವಜ್ರದ ಓಲೆ ಬೇಡವೆಂದು ವಿಶ್ವಕೋಶವನ್ನು ಕೇಳಿ ಪಡೆದ ಪ್ರಸಂಗ ಮಗಳಿಗೆ ಬಹಳ ಹಿಡಿಸಿತು. ಆದರೆ ಮುಂದಿನ ಪುಟದಲ್ಲಿ “ಆಕೆ ತನ್ನ ಕನಸುಗಳನ್ನು ಬೆನ್ನಟ್ಟಿದಳು” ಎಂದಿದ್ದುದನ್ನು ಓದಿದಾಗ, ಯಾರು ಓಡಿಹೋಗುತ್ತಿದ್ದಾರೆಂದು ಅವಳು ಚಿತ್ರದಲ್ಲಿ ಹುಡುಕತೊಡಗಿದಳು. ಆ ಸಾಲನ್ನು ನಾನೀಗ ನನ್ನ ಮಾತಿನಲ್ಲಿಯೇ ಹೇಳುತ್ತೇನೆ.

ಬೆಲೆ 50ರಿಂದ 150 ರೂಪಾಯಿಯೊಳಗಿದೆ. ಪಿನ್ನು ಹೊಡೆದ ಪುಸ್ತಕಗಳ ನಡುಪುಟಗಳು ಬೇಗ ಬಿಟ್ಟುಕೊಳ್ಳುವುದರಿಂದ, ಸಾಧ್ಯವಿದ್ದಲ್ಲಿ ಹೊಲಿಗೆಯ ಪ್ರತಿಯನ್ನೇ ಕೇಳಿ ಪಡೆಯುವುದು ಒಳ್ಳೆಯದು. ಅಂಗಡಿಯ ಯಜಮಾನರು ಚಾಪೆ ಹಾಸಿ, “ಕೂತ್ಕೊಂಡು ನೋಡು ಪುಟ್ಟಿ” ಎಂದು ಪುಸ್ತಕವನ್ನು ಮಗುವಿನ ಕೈಗೇ ಕೊಡುತ್ತಾರೆ. ಕೊಳ್ಳದೆ ಎದ್ದು ಬಂದ ದಿನವೂ ಅವರ ಮುಖ ಗಂಟಿಕ್ಕಿದ್ದನ್ನು ನಾನು ನೋಡಿಲ್ಲ. ಭಾನುವಾರ ಬೆಳಿಗ್ಗೆ ಹೋದರೆ ಜನ ಕಡಿಮೆ, ನಿಧಾನವಾಗಿ ಆರಿಸಬಹುದು.

ಆ ಹಲಗೆಗಳಲ್ಲಿ ನನಗೆ ಸಿಗದೇ ಹೋದದ್ದು ಸೂಲಗಿತ್ತಿ ನರಸಮ್ಮನವರ ಪುಸ್ತಕ. ಇದೇ ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದವರಾದ ಅವರು ಆಸ್ಪತ್ರೆಯ ಸೌಕರ್ಯ ಎಟುಕದ ಹಳ್ಳಿಗಳಲ್ಲಿ ಕಾಸು ಪಡೆಯದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ತಾನು ಹುಟ್ಟಿದ್ದು ಹೇಗೆ, ಆಗ ಅಮ್ಮನ ಹತ್ತಿರ ಯಾರಿದ್ದರು ಎಂದು ಪದೇ ಪದೇ ಕೇಳುವ ವಯಸ್ಸಿನ ಮಕ್ಕಳಿಗೆ ನರಸಮ್ಮನವರ ಕಥೆ ಎಷ್ಟು ಹತ್ತಿರದ್ದೆಂದು ಯಜಮಾನರಿಗೆ ಹೇಳಿದೆ. ಅವರು ಹೆಸರನ್ನು ಆರ್ಡರ್ ಪುಸ್ತಕದಲ್ಲಿ ಬರೆದುಕೊಂಡು, ಪ್ರಕಾಶಕರನ್ನು ವಿಚಾರಿಸುವುದಾಗಿ ಹೇಳಿದ್ದಾರೆ. ಮುಂದಿನ ತಿಂಗಳು ಹೋದಾಗ ನಾನು ಮೊದಲು ಕೇಳುವುದು ಅದನ್ನೇ.