ಮಗಳ ಮೊದಲ ನಿಜವಾದ ಕ್ಯಾಮೆರಾ: ಕ್ಯಾನನ್ ಇಕ್ಸಸ್ 185, ಎಂಟು ತಿಂಗಳ ಬಳಕೆಯ ನಂತರ

ಡಬ್ಬಿ ಮೇಲೆ 48 ಮೆಗಾಪಿಕ್ಸೆಲ್ ಅಂತ ದೊಡ್ಡದಾಗಿ ಬರೆದಿತ್ತು. ಗುಲಾಬಿ ಬಣ್ಣ, ಬೆಕ್ಕಿನ ಕಿವಿ, ಕೊರಳಿಗೆ ಹಾಕಿಕೊಳ್ಳೋ ದಾರ. 1,900 ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ತರಿಸಿದ್ದೆ. ಮಗಳಿಗೆ ಏಳು ತುಂಬಿದ ದಿನ ಕೈಗೆ ಕೊಟ್ಟೆ. ಅವಳು ಮೊದಲು ತೆಗೆದದ್ದು ಅಜ್ಜಿಯ ಮುಖ. ಆ ಫೋಟೊ ಕಂಪ್ಯೂಟರಿನಲ್ಲಿ ಹಾಕಿ ನೋಡಿದರೆ ಅಜ್ಜಿಯ ಕಣ್ಣು ಯಾವುದು, ಕನ್ನಡಕ ಯಾವುದು ಗೊತ್ತಾಗಲಿಲ್ಲ. ಬಣ್ಣದ ಚಿತ್ರದ ಮೇಲೆ ನೀರು ಚೆಲ್ಲಿದ ಹಾಗಿತ್ತು.

ಮಗಳು ಏನೂ ಅನ್ನಲಿಲ್ಲ. ಆದರೆ ಒಂದು ವಾರದಲ್ಲಿ ಅವಳು ಆ ಕ್ಯಾಮೆರಾದಲ್ಲಿ ಫೋಟೊ ತೆಗೆಯುವುದನ್ನೇ ಬಿಟ್ಟಳು. ಅದರೊಳಗೆ ಹಾವಿನ ಆಟ ಇತ್ತು, ಅದನ್ನು ಆಡುತ್ತಾ ಕೂತಳು. ಫೋನ್ ಕೈಯಿಂದ ಬಿಡಿಸಬೇಕು ಅಂತ ಕ್ಯಾಮೆರಾ ಕೊಡಿಸಿದ್ದೆ, ಅದೇ ಇನ್ನೊಂದು ಫೋನ್ ಆಯಿತು. ಎರಡು ತಿಂಗಳಿಗೆ ಚಾರ್ಜ್ ಏರುವುದೂ ನಿಂತಿತು. ಮಾರಿದವರಿಗೆ ನಾಲ್ಕು ಸಲ ಬರೆದೆ, ಉತ್ತರ ಬರಲಿಲ್ಲ. ದುಡ್ಡು ಹೋದದ್ದಕ್ಕಿಂತ ಮಗಳ ಆಸೆ ಆರಿಹೋಯಿತಲ್ಲ, ಅದು ನನಗೆ ಜಾಸ್ತಿ ನೋವಾಯಿತು.

ಆಮೇಲೆ ಕೇಳಿ ತಿಳಿದುಕೊಂಡೆ. ಇಂಥ ಆಟಿಕೆ ಕ್ಯಾಮೆರಾಗಳಲ್ಲಿ ಹೆಚ್ಚಿನವು ತೀರಾ ಸಣ್ಣ ಸೆನ್ಸರಿನವು. ಸೆನ್ಸರ್ ಅಂದರೆ ಲೆನ್ಸಿನ ಹಿಂದೆ ಬೆಳಕು ಹಿಡಿದು ಚಿತ್ರ ಮಾಡುವ ಚಿಪ್. ಒಳಗೆ ಬಂದ ಸಣ್ಣ ಚಿತ್ರವನ್ನು ಸಾಫ್ಟ್‌ವೇರ್ ಹಿಗ್ಗಿಸುತ್ತದೆ, ಹಿಗ್ಗಿಸಿದ ಲೆಕ್ಕವನ್ನು ಡಬ್ಬಿ ಮೇಲೆ ಹಾಕುತ್ತಾರೆ. ಲೆನ್ಸ್ ಒಂದೇ ಕಡೆ ಕೂತಿರುತ್ತದೆ, ಹತ್ತಿರದ ವಸ್ತುವಿಗೆ ಫೋಕಸ್ ಆಗುವುದಿಲ್ಲ. ಫ್ಲ್ಯಾಶ್ ಜಾಗದಲ್ಲಿ ಒಂದು ಸಣ್ಣ ಎಲ್‌ಇಡಿ ಬಲ್ಬು. ಮಗು ಎಷ್ಟು ಚೆನ್ನಾಗಿ ಹಿಡಿದರೂ ಫೋಟೊ ಚೆನ್ನಾಗಿ ಬರಲ್ಲ. ತಪ್ಪು ತನ್ನದೇ ಅಂತ ಅದು ಅಂದುಕೊಳ್ಳುತ್ತದೆ.

ನಾನು ಬೀದರಿನಲ್ಲಿ ಬಿದ್ರಿ ಕೆಲಸ, ಅಂದರೆ ಕಪ್ಪು ಲೋಹದ ಸಾಮಾನಿಗೆ ಬೆಳ್ಳಿಯ ನಕ್ಷೆ ಕೂರಿಸುವ ಕೆಲಸ ಮಾಡುವವನು. ನಮ್ಮಲ್ಲಿ ಹೊಸದಾಗಿ ಕೆಲಸಕ್ಕೆ ಬಂದ ಹುಡುಗನ ಕೈಗೆ ಆಟದ ಉಳಿ ಕೊಡುವುದಿಲ್ಲ. ಉಳಿ ನಿಜವಾದದ್ದೇ. ಅವನಿಗೆ ಕೊಡುವ ಕೆಲಸ ಮಾತ್ರ ಸಣ್ಣದು. ಮೊಂಡ ಉಳಿ ಕೊಟ್ಟರೆ ಹುಡುಗನ ಕೈಯೇ ಕೆಡುತ್ತದೆ. ಇದು ನನಗೆ ಗೊತ್ತಿತ್ತು. ಮಗಳ ವಿಷಯಕ್ಕೆ ಬಂದಾಗ ಮರೆತುಬಿಟ್ಟೆ.

ಹಾಗಾಗಿ ಎರಡನೇ ಸಲ ಅವಸರ ಮಾಡಲಿಲ್ಲ. ಅಂಬೇಡ್ಕರ್ ಸರ್ಕಲ್ ಕಡೆ ನನಗೆ ಪರಿಚಯದ ಒಂದು ಫೋಟೊ ಸ್ಟುಡಿಯೋ ಇದೆ, ಮದುವೆ ಆರ್ಡರ್ ಹಿಡಿಯುವವರು. ಅವರ ಹತ್ತಿರ ಹೋಗಿ ಕೂತೆ.

ಅವರು ಮೊದಲು ತಮ್ಮ ಹಳೆ ಡಿಎಸ್ಎಲ್ಆರ್ ತೋರಿಸಿದರು, ಲೆನ್ಸ್ ಬಿಚ್ಚಿ ಬದಲಾಯಿಸುವ ದೊಡ್ಡ ಕ್ಯಾಮೆರಾ. ಕ್ಯಾನನ್ 1500ಡಿ. ಬಾಡಿಯೇ 475 ಗ್ರಾಂ, ಜೊತೆಗೆ ಬರುವ ಲೆನ್ಸ್ ಸೇರಿಸಿದರೆ ಮುಕ್ಕಾಲು ಕಿಲೋ ಹತ್ತಿರ. ಮಗಳು ಎರಡೂ ಕೈಯಲ್ಲಿ ಎತ್ತಿದಳು, ಕಣ್ಣಿಗೆ ಹಿಡಿದಳು, ಮೊಣಕೈ ನಡುಗಿತು. ಬೇಡ ಅಂದೆ. ಫ್ಯೂಜಿಯ ಇನ್‌ಸ್ಟ್ಯಾಕ್ಸ್ ನೋಡಿದೆವು, ಒತ್ತಿದ ಕೂಡಲೇ ಫೋಟೊ ಕಾಗದ ಹೊರಗೆ ಬರುತ್ತದಲ್ಲ, ಅದು. ಮಗಳ ಕಣ್ಣು ಅರಳಿತು. ಆದರೆ ಫಿಲ್ಮಿನ ಒಂದು ಪ್ಯಾಕಿಗೆ ಹತ್ತೇ ಫೋಟೊ. ಏಳು ವರ್ಷದ ಮಗು ಹತ್ತು ನಿಮಿಷದಲ್ಲಿ ಹತ್ತು ಫೋಟೊ ತೆಗೆಯುತ್ತದೆ. ಪ್ರತಿ ಸಲ ನಾವು "ಸುಮ್ನೆ ಒತ್ತಬೇಡ" ಅಂತ ಹೇಳುತ್ತಾ ಇರಬೇಕು. ಕಲಿಯುವ ಹೊತ್ತಿನಲ್ಲಿ ಆ ಮಾತು ಬರಬಾರದು. ಸುಮ್ನೆ ಒತ್ತಿ ಒತ್ತಿಯೇ ಕೈ ಕೂರುವುದು.

ನೀರಿಗೆ ಬಿದ್ದರೂ ಹಾಳಾಗದ ನಿಕಾನ್ ಕೂಲ್‌ಪಿಕ್ಸ್ ಡಬ್ಲ್ಯೂ150 ಬಗ್ಗೆಯೂ ಅವರು ಹೇಳಿದರು. ಹತ್ತು ಮೀಟರ್ ನೀರು, 1.8 ಮೀಟರ್ ಎತ್ತರದಿಂದ ಬಿದ್ದರೂ ತಡೆಯುವಂಥದ್ದು. ಮಕ್ಕಳಿಗೆ ಅಂತಲೇ ಯೋಚಿಸಿ ಮಾಡಿದ ಕ್ಯಾಮೆರಾ ಅದು, ಸಿಕ್ಕರೆ ಖಂಡಿತ ತಗೊಳ್ಳಿ. ನಮಗೆ ಸಿಗಲಿಲ್ಲ. ನಮ್ಮೂರಿನ ಝರಣಿ ನರಸಿಂಹನ ಗುಹೆ ದೇವಸ್ಥಾನದೊಳಗೆ ಎದೆಮಟ್ಟದ ನೀರಿನಲ್ಲಿ ನಡೆಯುವಾಗ ಯಾವ ಕ್ಯಾಮೆರಾವೂ ಬೇಡ, ಮಗುವನ್ನು ಹೆಗಲ ಮೇಲೆ ಹೊತ್ತುಕೊಂಡರೆ ಸಾಕು ಅಂತ ಸಮಾಧಾನ ಮಾಡಿಕೊಂಡೆ.

ಕೊನೆಗೆ ಸ್ಟುಡಿಯೋದವರು ಡ್ರಾಯರಿನಿಂದ ಒಂದು ಸಣ್ಣ ಕಪ್ಪು ಕ್ಯಾಮೆರಾ ತೆಗೆದರು. ಕ್ಯಾನನ್ ಇಕ್ಸಸ್ 185. 2017ರಲ್ಲಿ ಮಾರುಕಟ್ಟೆಗೆ ಬಂದ ಮಾಡೆಲ್. ಯಾರೋ ಫೋನ್ ಚೆನ್ನಾಗಿದೆ ಅಂತ ಇದನ್ನು ಕೊಟ್ಟು ಹೋಗಿದ್ದರು. ಬ್ಯಾಟರಿ, ಕಾರ್ಡ್ ಎಲ್ಲ ಸೇರಿ ಸುಮಾರು 126 ಗ್ರಾಂ. ಮಗಳ ಅಂಗೈಯಲ್ಲಿ ಕೂತಿತು. ಬೆರಳು ತಾನಾಗಿ ಬಟನ್ ಮೇಲೆ ಹೋಯಿತು. 3,600ಕ್ಕೆ ಮಾತು ಮುಗಿಯಿತು, ಚಾರ್ಜರ್ ಸಮೇತ.

ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಏನು ನೋಡಬೇಕು ಅನ್ನುವುದನ್ನು ಅವರೇ ಹೇಳಿಕೊಟ್ಟರು. ಮಾರುವವರೇ ಹೀಗೆ ಹೇಳಿಕೊಡುವುದು ಅಪರೂಪ, ಅಲ್ವಾ? "ಅಣ್ಣಾ, ಮೊದ್ಲ ಜೂಮ್ ಪೂರ್ತಿ ಹೊರಗ ತೆಗಿರಿ. ಸಪ್ಳ ಕೇಳ್ರಿ. ಗರಗರ ಅಂದ್ರ ಒಳಗ ಮಣ್ಣು ಹೊಕ್ಕದ ಅಂತ ತಿಳ್ಕೋರಿ" ಅಂದರು. ಆಮೇಲೆ ಬಿಳಿ ಗೋಡೆಯ ಫೋಟೊ ತೆಗೆಸಿದರು. ಫೋಟೊದಲ್ಲಿ ಒಂದೇ ಜಾಗದಲ್ಲಿ ಪ್ರತಿ ಸಲ ಕಪ್ಪು ಚುಕ್ಕೆ ಕಂಡರೆ ಸೆನ್ಸರ್ ಮೇಲೆ ಧೂಳು ಕೂತಿದೆ ಅಂತ ಅರ್ಥ. ಹೊರಗೆ ಬಂದ ಲೆನ್ಸ್ ಓರೆಯಾಗಿದೆಯಾ, ಬ್ಯಾಟರಿ ಉಬ್ಬಿದೆಯಾ, ಬ್ಯಾಟರಿ ಮುಚ್ಚಳದ ಕೊಂಡಿ ಗಟ್ಟಿ ಕೂರುತ್ತದಾ, ಫ್ಲ್ಯಾಶ್ ಎರಡು ಮೂರು ಸಲ ಬೆನ್ನಿಗೇ ಹೊಡೆಯುತ್ತದಾ, ಇಷ್ಟು ನೋಡಿ. ಇದಕ್ಕೆ ಎನ್‌ಬಿ-11ಎಲ್ ಬ್ಯಾಟರಿ ಬೇಕು. ಬೇರೆಯವರು ಮಾಡಿದ್ದೂ ಸಿಗುತ್ತದೆ, ಒಂದು ಜಾಸ್ತಿ ತಂದಿಟ್ಟುಕೊಳ್ಳಿ. ಕಂಪನಿ ಲೆಕ್ಕದಲ್ಲಿ ಒಂದು ಚಾರ್ಜಿಗೆ ಸುಮಾರು 210 ಫೋಟೊ. ಮಗಳು ಕೋಟೆಗೆ ಹೋದ ದಿನ ಅಷ್ಟನ್ನು ಮಧ್ಯಾಹ್ನದೊಳಗೆ ಮುಗಿಸುತ್ತಾಳೆ.

ಕಲಿಸಿದ್ದು ಒಂದೇ ಪಾಠ. ಬಟನ್ ಅರ್ಧ ಒತ್ತು, ಸದ್ದು ಬರುತ್ತದೆ, ಹಸಿರು ಚೌಕ ಕಾಣುತ್ತದೆ, ಆಮೇಲೆ ಪೂರ್ತಿ ಒತ್ತು. ನಾಲ್ಕು ದಿನ ಹಿಡಿಯಿತು. ಮೊದಲೆರಡು ದಿನ ಒಂದೇ ಏಟಿಗೆ ಒತ್ತುತ್ತಿದ್ದಳು. ಮೂರನೇ ದಿನ ಅರ್ಧ ಒತ್ತಿ ಉಸಿರು ಬಿಗಿಹಿಡಿದು ನಿಂತಳು. ಬೆಳ್ಳಿ ತಂತಿ ಕೂರಿಸುವಾಗ ನಾವೂ ಹಾಗೇ ಉಸಿರು ಹಿಡಿಯುತ್ತೇವೆ. ಅವಳನ್ನು ನೋಡಿ ನನಗೆ ಬಹಳ ಖುಷಿಯಾಯಿತು. ಫೋನಿನ ಗಾಜಿನ ಮೇಲೆ ಬೆರಳು ಮುಟ್ಟಿಸುವುದರಲ್ಲಿ ಈ ಪಾಠ ಇಲ್ಲ.

ಈ ಕ್ಯಾಮೆರಾದ ದೊಡ್ಡ ಗುಣ ಅದರ ಜೂಮ್. ಎಂಟು ಪಟ್ಟು, ಆಪ್ಟಿಕಲ್. ಅಂದರೆ ಲೆನ್ಸೇ ಹೊರಗೆ ಬಂದು ದೂರದ್ದನ್ನು ಹತ್ತಿರ ತರುತ್ತದೆ, ಚಿತ್ರ ಹಿಗ್ಗಿಸಿ ಮೋಸ ಮಾಡುವುದಿಲ್ಲ. ಡಿಜಿಟಲ್ ಜೂಮ್ ಕೂಡ ಇದೆ, ಮೆನುವಿನಲ್ಲಿ ಮೊದಲು ಅದನ್ನು ಆಫ್ ಮಾಡಿ.

ಇದರ ಬೆಲೆ ನನಗೆ ಗೊತ್ತಾದದ್ದು ಗವಾನ್ ಮದರಸಾದಲ್ಲಿ. ಬಹಮನಿಗಳ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ್ದು. ಎರಡು ಮಿನಾರಿನಲ್ಲಿ ಈಗ ಉಳಿದಿರುವುದು ಒಂದೇ. ಅದರ ಮೈಮೇಲೆ ಅಲ್ಲಲ್ಲಿ ಬಣ್ಣದ ಹೆಂಚು ಇನ್ನೂ ಅಂಟಿಕೊಂಡಿದೆ. ನಾನು ಹುಟ್ಟಿದಾಗಿನಿಂದ ಅದರ ಮುಂದೆ ಓಡಾಡಿದ್ದೇನೆ. ನೀಲಿ ಬಣ್ಣ ಇದೆ ಅಂತ ಗೊತ್ತು, ಅಷ್ಟೆ. ಮಗಳು ಹುಲ್ಲಿನ ಮೇಲೆ ಕೂತು ಜೂಮ್ ಪೂರ್ತಿ ಎಳೆದು, ಮೊಣಕಾಲ ಮೇಲೆ ಕೈ ಊರಿ, ಮೇಲಿನ ಹೆಂಚಿನ ಫೋಟೊ ತೆಗೆದಳು. "ಅಪ್ಪಾ, ಇಲ್ಲಿ ನೋಡು, ಬಳ್ಳಿ ಅದ! ನೀ ಹೂದಾನಿ ಮ್ಯಾಲ ಮಾಡ್ತೀಯಲ್ಲ, ಹಂಗೇ ಅದ" ಅಂದಳು.

ಪರದೆ ಮೇಲೆ ದೊಡ್ಡದು ಮಾಡಿ ನೋಡಿದೆ. ಹೌದು, ಬಳ್ಳಿ. ಬಣ್ಣ ಹೋದ ಕಡೆ ಗೆರೆ ಉಳಿದಿದೆ. ಎಲೆ ತಿರುಗುವ ಕಡೆ ಗೆರೆ ದಪ್ಪ, ತುದಿಗೆ ಸಣ್ಣ. ನನ್ನ ಅಪ್ಪ ನನಗೆ ಹಾಗೇ ಗೀಚಲು ಕಲಿಸಿದ್ದರು. ಆ ಫೋಟೊವನ್ನು ಹಿಗ್ಗಿಸಿ ಪ್ರಿಂಟ್ ಹಾಕಿಸಿ ಕೆಲಸದ ಮಣೆಯ ಎದುರಿಗೆ ಅಂಟಿಸಿದ್ದೇನೆ. ಈಗ ಅದನ್ನು ನೋಡಿಕೊಂಡು ಒಂದು ತಟ್ಟೆಗೆ ನಕ್ಷೆ ಬರೆಯುತ್ತಿದ್ದೇನೆ. ನನ್ನ ಮಗಳು ಹಿಡಿದು ತಂದ ಬಳ್ಳಿ ಅದು.

ಇನ್ನೊಂದು ಉಪಯೋಗ ನಾನು ಎಣಿಸಿರಲಿಲ್ಲ. ಬಿದ್ರಿ ಸಾಮಾನಿನ ಫೋಟೊ ತೆಗೆಯುವುದು ಕಷ್ಟ. ಸತು ಮತ್ತು ತಾಮ್ರದ ಎರಕಕ್ಕೆ ಬೆಳ್ಳಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣನ್ನು ನವಸಾಗರದ ಜೊತೆ ಕಲಸಿ ಹಚ್ಚುತ್ತೇವೆ. ಮೈ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಅದರ ಮೇಲೆ ಫ್ಲ್ಯಾಶ್ ಬಿದ್ದರೆ ಬೆಳ್ಳಿ ಉರಿದುಹೋದಂತೆ ಬೆಳ್ಳಗಾಗುತ್ತದೆ, ಕಪ್ಪು ಬೂದಿ ಬಣ್ಣಕ್ಕೆ ತಿರುಗುತ್ತದೆ. ಮಗಳಿಗೆ ಫ್ಲ್ಯಾಶ್ ಆಫ್ ಮಾಡಲು ತೋರಿಸಿದೆ. ಹೂವಿನ ಗುರುತು ಇರುವ ಮ್ಯಾಕ್ರೋ ಹಾಕಿದರೆ ಹತ್ತಿರ ಹೋಗಬಹುದು ಅಂತ ಅವಳೇ ಕಂಡುಹಿಡಿದಳು. ಬಾಗಿಲ ಹತ್ತಿರ ಬಿಳಿ ಪಂಚೆ ಹಾಸಿ, ಬಿಸಿಲು ನೇರ ಬೀಳದ ಹೊತ್ತಿನಲ್ಲಿ, ಕ್ಯಾಮೆರಾವನ್ನು ಮಣೆ ಮೇಲೆ ಇಟ್ಟು ಟೈಮರ್ ಹಾಕಿ ತೆಗೆಯುತ್ತಾಳೆ. ಕಪ್ಪು ಬಿಳುಪು ಮಾಡುವ ಮೋಡ್ ಕೂಡ ಇದೆ. ಬಿದ್ರಿಗೆ ಅದೇ ಚೆಂದ. ಗಿರಾಕಿಗಳಿಗೆ ಈಗ ನಾನು ಕಳಿಸುವ ಫೋಟೊಗಳಲ್ಲಿ ಅರ್ಧ ಅವಳವೇ.

ಕೊರತೆಗಳನ್ನೂ ಹೇಳಬೇಕು. ಸಂಜೆ ಮನೆಯೊಳಗೆ ಫ್ಲ್ಯಾಶ್ ಇಲ್ಲದೆ ತೆಗೆದರೆ ಕೈ ಅಲುಗಿದ್ದು ಕಾಣುತ್ತದೆ. ಇಷ್ಟು ಸಣ್ಣ ಸೆನ್ಸರಿನ ಎಲ್ಲ ಕ್ಯಾಮೆರಾಗಳಿಗೂ ಕತ್ತಲು ಕಷ್ಟವೇ. ಇದರಲ್ಲಿ ಲೆನ್ಸಿನೊಳಗೆ ಅಲುಗಾಟ ತಡೆಯುವ ವ್ಯವಸ್ಥೆಯೂ ಇಲ್ಲ. ಇದರ ಜೊತೆಗೇ ಬಂದ ಇಕ್ಸಸ್ 190ರಲ್ಲಿ ಅದು ಇದೆ, ಹತ್ತು ಪಟ್ಟು ಜೂಮ್ ಮತ್ತು ವೈಫೈ ಕೂಡ ಇದೆ. ಎರಡೂ ಕಂಡರೆ 190 ತಗೊಳ್ಳಿ. ವೈಫೈ ಇಲ್ಲದ್ದು ಮಾತ್ರ ನನಗೆ ಕೊರತೆ ಅನ್ನಿಸಲಿಲ್ಲ. ಕಾರ್ಡ್ ರೀಡರಿನಲ್ಲಿ ಹಾಕಿ, ಭಾನುವಾರ ಎಲ್ಲರೂ ಕೂತು ನೋಡುತ್ತೇವೆ. ವಿಡಿಯೋ 720ಪಿ, ಮಗಳು ಅದರ ತಂಟೆಗೇ ಹೋಗಿಲ್ಲ.

ವಿಮಾನದ ಫೋಟೊ ಇದರಲ್ಲಿ ಸುಲಭವಲ್ಲ. ಬೀದರ್ ವಾಯುನೆಲೆಯ ಸೂರ್ಯಕಿರಣ ತಂಡದ ಕೆಂಪು ಬಿಳಿ ಹಾಕ್ ವಿಮಾನಗಳು ಹಾರಿದಾಗ ಮಗಳು ಮಾಳಿಗೆಗೆ ಓಡುತ್ತಾಳೆ. ಫೋಕಸ್ ಆಗುವಷ್ಟರಲ್ಲಿ ಅವು ದಾಟಿರುತ್ತವೆ. ಅವಳ ಹತ್ತಿರ ಖಾಲಿ ಆಕಾಶದ ಫೋಟೊಗಳೇ ನೂರಾರು ಇವೆ. ವಾಯುನೆಲೆಯ ಗೋಡೆ, ಗೇಟಿನ ಕಡೆ ಕ್ಯಾಮೆರಾ ತಿರುಗಿಸಬಾರದು ಅಂತ ಮೊದಲ ದಿನವೇ ಹೇಳಿದ್ದೇನೆ. ನಮ್ಮ ಊರಿನ ಪಾಲಕರು ಮಕ್ಕಳಿಗೆ ಇದನ್ನು ತಪ್ಪದೆ ಹೇಳಿ.

ಒಂದು ಸಲ ಬಿದ್ದಿದೆ. ಕೋಟೆಯಲ್ಲಿ ಸೋಲಾ ಖಂಬ ಮಸೀದಿಯ ಹತ್ತಿರ ಕೋತಿ ಎದುರಿಗೆ ಬಂದು ಮಗಳು ಹೆದರಿ ಕೈಬಿಟ್ಟಳು. ಮಣಿಕಟ್ಟಿನ ದಾರ ಹಾಕಿರಲಿಲ್ಲ. ಕಲ್ಲಿಗೆ ತಾಗಿ ಮೂಲೆಯಲ್ಲಿ ಗೀರು ಬಿತ್ತು. ಲೆನ್ಸ್ ಒಳಗೆ ಹೋಗಿದ್ದರಿಂದ ಉಳಿಯಿತು. ಲೆನ್ಸ್ ಹೊರಗಿದ್ದಾಗ ಬಿದ್ದರೆ ಇಂಥ ಕ್ಯಾಮೆರಾ ರಿಪೇರಿಗೆ ಸಿಗುವುದು ಕಷ್ಟ. ಆ ದಿನದಿಂದ ಮನೆಯಲ್ಲಿ ಎರಡು ನಿಯಮ: ದಾರ ಮೊದಲು, ಆಮೇಲೆ ಬಟನ್. ನಡೆಯುವಾಗ ಆಫ್. ಮೂರನೆಯದು ನನ್ನ ಮನೆಗೆ ಮಾತ್ರ. ಅರ ಹಾಕುವ ಜಾಗಕ್ಕೆ ಕ್ಯಾಮೆರಾ ತರುವಂತಿಲ್ಲ. ಲೋಹದ ಪುಡಿ ಲೆನ್ಸಿನ ಸಂದಿಗೆ ಹೊಕ್ಕರೆ ಮುಗಿಯಿತು. ಹಿಟ್ಟಿನ ಗಿರಣಿ, ಬಡಗಿ ಕೆಲಸದ ಮನೆಯವರಿಗೂ ಇದೇ ಮಾತು.

ತಿಂಗಳಿಗೆ ಐದು ಫೋಟೊ ಪ್ರಿಂಟ್ ಹಾಕಿಸುತ್ತೇವೆ. ಯಾವ ಐದು ಅನ್ನುವುದನ್ನು ಅವಳೇ ಆರಿಸಬೇಕು. ಹೋದ ತಿಂಗಳು ಆರಿಸಿದ್ದು ಇವು: ಚೌಬಾರದ ಗೋಪುರ, ಅವಳ ಎತ್ತರದಿಂದ ತೆಗೆದದ್ದರಿಂದ ಆಕಾಶಕ್ಕೆ ಹೊಕ್ಕ ಹಾಗಿದೆ. ಅಜ್ಜಿ ರೊಟ್ಟಿ ಬಡಿಯುವ ಎರಡು ಕೈ. ಕಟ್ಟೆ ಮೇಲಿನ ನಾಯಿಮರಿ. ನನ್ನ ಬೆನ್ನು. ಮತ್ತೆ ಅಜ್ಜಿಯ ಮುಖ, ಈ ಸಲ ಕನ್ನಡಕದ ಗಾಜಿನಲ್ಲಿ ಕ್ಯಾಮೆರಾ ಹಿಡಿದ ಪುಟ್ಟ ಹುಡುಗಿಯೂ ಕಾಣುತ್ತಾಳೆ.

ಇಕ್ಸಸ್ ಸಿಗದಿದ್ದರೆ ಸೋನಿ ಡಬ್ಲ್ಯೂ830 ಹುಡುಕಿ, ಅದಕ್ಕೂ ಎಂಟು ಪಟ್ಟು ಆಪ್ಟಿಕಲ್ ಜೂಮ್ ಇದೆ. ಕರೆಂಟ್ ಜಾಸ್ತಿ ಹೋಗುವ ಊರಾದರೆ ಪೆನ್ಸಿಲ್ ಸೆಲ್ ಹಾಕುವ ಕೊಡಾಕ್ ಪಿಕ್ಸ್‌ಪ್ರೊ ಎಫ್‌ಝಡ್45 ಒಳ್ಳೆಯದು, ಸೆಲ್ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ನನ್ನ ತಮ್ಮ ತನ್ನ ನಾಲ್ಕು ವರ್ಷದ ಮಗನಿಗೂ ಇಂಥದ್ದೇ ಕೊಡಿಸಲಾ ಅಂತ ಕೇಳಿದ. ಅವನ ಬೆರಳು ಇನ್ನೂ ಬಟನ್ ಅರ್ಧಕ್ಕೆ ನಿಲ್ಲಿಸಲ್ಲ, ಎರಡು ವರ್ಷ ತಡಿ ಅಂದೆ. ಅಲ್ಲಿಯವರೆಗೆ ಅಕ್ಕನ ಜೊತೆ ಹೋಗಲಿ, ಅವಳ ಹಳೆ ಬ್ಯಾಟರಿ ಹಿಡಿದುಕೊಳ್ಳುವ ಕೆಲಸ ಅವನದು.