ಬಿಸಿ547ಬಿ ಟ್ರಾನ್ಸಿಸ್ಟರ್: ಫಿಲ್ಟರ್ ಕಟ್ಟಿ ನೋಡಿದ ಮೇಲೆ

ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ಇಪ್ಪತ್ತು ಬಿಸಿ547ಬಿ ತಂದು ಎರಡು ವಾರವಾಯಿತು. ಎಲ್‌ಇಡಿ ಹಚ್ಚೋಕೆ, ಸಣ್ಣ ರಿಲೇ ಎಳೆಯೋಕೆ ಎಲ್ಲರೂ ಇದನ್ನು ಬಳಸುತ್ತಾರೆ. ನಾನು ಫಿಲ್ಟರ್‌ಗೆ, ಅಂದರೆ ಬೇಡದ ಸದ್ದನ್ನು ಸೋಸುವ ಸರ್ಕ್ಯೂಟ್‌ಗೆ ಹಾಕಿದೆ. ಇದರ ತಾಕತ್ತು ಗೊತ್ತಾಗಿದ್ದು ಅಲ್ಲೇ.

ಮನೆಯ ಮೀಡಿಯಂ ವೇವ್ ರೇಡಿಯೊದಲ್ಲಿ ಸುಯ್ ಅನ್ನುವ ಸದ್ದು ಜಾಸ್ತಿ. 3.4 ಕಿಲೋಹರ್ಟ್ಸ್‌ನಿಂದ ಮೇಲಿನದ್ದು ಹೋದರೂ ಮಾತು ಚೆನ್ನಾಗಿಯೇ ಕೇಳುತ್ತದೆ, ಅಲ್ವಾ? ಆದರೆ ಬರೀ ರೆಸಿಸ್ಟರ್, ಕೆಪಾಸಿಟರ್ ಇಟ್ಟರೆ ಮೇಲಿನ ಸದ್ದು ಚಕ್ಕನೆ ಕಟ್ ಆಗದೆ ಮೆತ್ತಗೆ ಇಳಿಯುತ್ತದೆ. ಯಾವ ಬೆಲೆ ಹಾಕಿದರೂ ಅದರ ಕ್ಯೂ (ಕಟ್ ಆಗುವ ಜಾಗದಲ್ಲಿ ಫಿಲ್ಟರ್ ಎಷ್ಟು ಚೂಪು ಅನ್ನುವ ಅಳತೆ) 0.5 ದಾಟುವುದಿಲ್ಲ, ನನಗೆ ಬೇಕಿದ್ದದ್ದು 0.7. ಕಾಯಿಲ್ ಹಾಕೋಣ ಅಂದರೆ 10 ಕಿಲೋ ಓಂ ಲೋಡ್‌ಗೆ ಸುಮಾರು 0.67 ಹೆನ್ರಿ ಬೇಕು. ಅಷ್ಟು ದೊಡ್ಡದನ್ನು ಯಾರು ಸುತ್ತುತ್ತಾರೆ? ಸುತ್ತಿದರೂ ಪಕ್ಕದ ಟ್ರಾನ್ಸ್‌ಫಾರ್ಮರ್‌ನ ಹಮ್ ಅದರೊಳಗೆ ಬಂದು ಕೂರುತ್ತದೆ.

ಹಾಗಾಗಿ ಕಾಯಿಲ್ ಬೇಡದ, 1955ರ ಸ್ಯಾಲೆನ್-ಕೀ ಫಿಲ್ಟರ್ ಸರ್ಕ್ಯೂಟ್ ಕಟ್ಟಿದೆ. ಎರಡು 10 ಕಿಲೋ ಓಂ ರೆಸಿಸ್ಟರ್, ಒಂದು 6.8, ಒಂದು 3.3 ನ್ಯಾನೊಫ್ಯಾರಡ್ ಕೆಪಾಸಿಟರ್, ನಡುವೆ ಎಮಿಟರ್ ಫಾಲೋವರ್ ಆಗಿ (ಬೇಸ್‌ಗೆ ಬಂದ ಸಿಗ್ನಲನ್ನೇ ಎಮಿಟರ್‌ನಲ್ಲಿ ಕೊಡುವ ಜೋಡಣೆ) ಒಂದೇ ಒಂದು ಬಿಸಿ547. ಇದು ವೋಲ್ಟೇಜ್ ಹೆಚ್ಚಿಸುವುದೇ ಇಲ್ಲ, ಗೇನ್ ಒಂದಕ್ಕಿಂತ ಚೂರು ಕಡಿಮೆ. ಆದರೆ ಬೇಸ್‌ನಿಂದ ಕರೆಂಟ್ ಎಳೆಯುವುದು ತೀರಾ ಸ್ವಲ್ಪ, ಬ್ಯಾಟರಿಯ ಶಕ್ತಿಯಿಂದ ಸಿಗ್ನಲನ್ನು 6.8ರ ಕೆಪಾಸಿಟರ್ ಮೂಲಕ ವಾಪಸ್ ಒಳಗೆ ತಳ್ಳುತ್ತದೆ, ಕ್ಯೂ 0.7 ದಾಟಲು ಅಷ್ಟೇ ಸಾಕು. ಕಾಯಿಲ್ ಮಾಡಬೇಕಿದ್ದ ಕೆಲಸವನ್ನು ಬಟಾಣಿಯಷ್ಟಿರುವ ಇದು ಮಾಡುವುದನ್ನು ಕೇಳಿದಾಗ ತುಂಬಾ ಖುಷಿಯಾಯಿತು. ಸುಯ್ ಸದ್ದು ಬಹಳ ಕಡಿಮೆಯಾಗಿದೆ.

ಕೊರತೆಯೂ ಇದೆ. 1 ಮಿಲಿಆಂಪ್‌ನಲ್ಲಿ ಎಮಿಟರ್ ಒಳಗೆ ಸುಮಾರು 26 ಓಂ ಇರುತ್ತದೆ. ಅದರಿಂದ ತೀರಾ ಮೇಲಿನ ಫ್ರೀಕ್ವೆನ್ಸಿಗಳು ಅದೇ ಕೆಪಾಸಿಟರ್ ದಾರಿಯಲ್ಲಿ ನುಸುಳುತ್ತವೆ, 50 ಡೆಸಿಬೆಲ್ ಆಸುಪಾಸಿಗೆ ಇಳಿತ ನಿಂತುಬಿಡುತ್ತದೆ. ರೇಡಿಯೊ ಕೇಳೋಕೆ ಇದು ತೊಂದರೆಯಲ್ಲ. ಅಳತೆಯ ಕೆಲಸಕ್ಕಾದರೆ ಆಪ್-ಆಂಪ್ (ಆಂಪ್ಲಿಫೈಯರ್ ಐಸಿ) ತಗೊಳ್ಳಿ.

ಕೊಳ್ಳುವಾಗ ಸುಮ್ನೆ ಪ್ಯಾಕೆಟ್ ಎತ್ತಿಕೊಂಡು ಬರಬೇಡಿ. ಮೊದಲು ಬೇರೊಂದು ಕಡೆ ತಂದಿದ್ದರಲ್ಲಿ ಬಿ ಅಂತ ಅಚ್ಚಾಗಿದ್ದರೂ ಎಚ್‌ಎಫ್‌ಇ (ಬೇಸ್ ಕರೆಂಟ್‌ನ ಎಷ್ಟು ಪಟ್ಟು ಕಲೆಕ್ಟರ್ ಕರೆಂಟ್ ಅನ್ನುವ ಲೆಕ್ಕ) ನೂರೂ ಬರಲಿಲ್ಲ, ಬಿ ಗುಂಪಿಗೆ 200ರಿಂದ 450 ಇರಬೇಕು. ಈ ಸಲದ ಇಪ್ಪತ್ತೂ ಮಲ್ಟಿಮೀಟರ್‌ನಲ್ಲಿ 280ರ ಮೇಲೇ ಇವೆ. ಕಾಲು ಕೆಳಗೆ, ಚಪ್ಪಟೆ ಮುಖ ನಿಮ್ಮ ಕಡೆ ಹಿಡಿದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 45 ವೋಲ್ಟ್, 100 ಮಿಲಿಆಂಪ್ ಮೀರಿಸಬೇಡಿ. ನಾನು ಮುಂದಿನ ವಾರ ಇದರ ಹಿಂದೆ ಇನ್ನೊಂದು ಹಂತ ಸೇರಿಸುತ್ತಿದ್ದೇನೆ.