ಹಳೆಯ ಮೋಲಿಯೋ, ಮರಳಿ ಬಂದ ಮೋಲಿಯೋ?

2021ರಲ್ಲಿ ಅಮೆರಿಕದ ಗೊಂಬೆ ಕಂಪನಿ ಅಮೆರಿಕನ್ ಗರ್ಲ್ ತನ್ನ 35ನೇ ವರ್ಷಕ್ಕೆಂದು ಮೊದಲ ಆರು ಚಾರಿತ್ರಿಕ ಗೊಂಬೆಗಳನ್ನು ಮತ್ತೆ ಹೊರತಂದಿತು. ಅದರಲ್ಲಿ ಮೋಲಿಯೂ ಇದ್ದಳು: 1944ರ ಯುದ್ಧಕಾಲದ ಹುಡುಗಿ, ಎರಡು ಜಡೆ, ದುಂಡು ಕನ್ನಡಕ. ಖುಷಿಯೇನೋ ಆಯಿತು. ಆದರೆ ಹಳೆಯದಕ್ಕಾಗಿ ವರ್ಷಗಟ್ಟಲೆ ಅಲೆದವರಿಗೆ ಸ್ವಲ್ಪ ಹೊಟ್ಟೆ ಉರಿದಿದ್ದೂ ನಿಜ!

ಹಳೆಯವಳು 1986ರವಳು, ಅಮೆರಿಕನ್ ಗರ್ಲ್ ಗೊಂಬೆಗಳನ್ನು ಶುರು ಮಾಡಿದ ಪ್ಲೆಸೆಂಟ್ ಕಂಪನಿಯ ಕಾಲದವಳು. ಬಾರ್ಬಿ ಗೊಂಬೆ ಮಾಡುವ ಮ್ಯಾಟೆಲ್ ಈ ಕಂಪನಿಯನ್ನು ಕೊಂಡದ್ದು 1998ರಲ್ಲಿ. ಮೊದಮೊದಲ ಗೊಂಬೆಗಳ ಮೈ ಬಿಳಿ ಬಟ್ಟೆಯದು, ತಯಾರಾದದ್ದು ಜರ್ಮನಿಯಲ್ಲಿ. ಮುಖ ತುಸು ದುಂಡಗೆ, ನೋಟ ಮೆತ್ತಗೆ. ನನ್ನ ಮನಸ್ಸು ವಾಲುವುದು ಈ ಕಡೆಗೇ. ಆದರೆ ಕೊಳ್ಳುವ ಮುನ್ನ ಕೈಕಾಲು ಎತ್ತಿ ನೋಡಿ: ಒಳಗಿನ ಎಲಾಸ್ಟಿಕ್ ಸಡಿಲವಾಗಿದ್ದರೆ ಗೊಂಬೆ ತಾನಾಗಿ ನಿಲ್ಲುವುದಿಲ್ಲ. ಅದನ್ನು ಬದಲಿಸಬಹುದು. ಕಣ್ಣಿನ ಬಣ್ಣ ಮಾಸಿ ಬೆಳ್ಳಿಯಂತೆ ಹೊಳೆಯುತ್ತಿದ್ದರೆ ಮಾತ್ರ ರಿಪೇರಿ ದೊಡ್ಡ ತಲೆನೋವು. ಜಡೆ ಬಿಚ್ಚಿ ಬಾಚಿದ ಗೊಂಬೆಯಾದರೆ ಕೂದಲು ಮೊದಲಿನಂತಾಗುವುದೂ ಕಷ್ಟ.

ಹೊಸ ಮೋಲಿಗೆ ಈ ಗೋಳಿಲ್ಲ. ಅದೇ ಎತ್ತರ, 18 ಇಂಚು. ಉಡುಪೂ ಹಳೆಯದರ ಮಾದರಿಯದೇ. ಆದರೆ ಅವಳೂ ಸೀಮಿತ ಆವೃತ್ತಿಯವಳೇ.

ಮಗಳು ಎತ್ತಿಕೊಂಡು ಓಡಾಡುವುದಾದರೆ ಹೊಸದನ್ನೇ ತನ್ನಿ. ಕಪಾಟಿಗಾದರೆ ಬಿಳಿ ಮೈಯವಳು, ಕನ್ನಡಕ ಮೂಲದ್ದೇ ಇದ್ದರೆ ಮಾತ್ರ. "ಅಪರೂಪ" ಎಂದಷ್ಟೇ ಬರೆದು ಬೆನ್ನಿನ ಫೋಟೊ ಕೊಡದವರಿಗೆ ಮುಂಗಡ ಕೊಡಬೇಡಿ.